ಮೈನಸ್ ಮೂರು ಎಂಬ ತಡ

ನಮ್ಮೂರು ಹದಿನಾರು ಗ್ರಾಮದಲ್ಲಿ ನಂಜನಗೂಡಿನ ಬೆಳಗಿನ ಬಸ್ಸು ಗುರುತಿನವರಿಗೆ ಕಾಯುತ್ತದೆ. ನಾನು ಅರ್ಧ ಜಡೆಯಲ್ಲಿ ಓಡಿಬಂದಾಗೆಲ್ಲ ಕಂಡಕ್ಟರಣ್ಣ ನಿಲ್ಲಿಸಿಕೊಂಡಿದ್ದಾನೆ. ಆಗ ಅದು ನನಗೆ ಬಲು ಒಳ್ಳೆಯ ಪದ್ಧತಿಯಾಗಿ ಕಾಣುತ್ತಿತ್ತು. ಆದರೆ ಸಿಗ್ನಲ್ ಲ್ಯಾಬಿನ ಪರೀಕ್ಷೆಯ ದಿನ, ಡೈರಿಗೆ ಹಾಲು ಹಾಕಲು ಹೋಗಿದ್ದ ಅಜ್ಜಿಯೊಬ್ಬರಿಗಾಗಿ ಬಸ್ಸು ನಿಂತೇ ಇದ್ದಾಗ ಮೈಯೆಲ್ಲ ಉರಿದುಹೋಯಿತು. ಹಿಂದಿನ ಸಲ ಇದೇ ಲ್ಯಾಬಿನಲ್ಲಿ ಫೇಲಾಗಿದ್ದೆ. ಈ ಸಲವೂ ಹೋದರೆ ಕೊನೆಯ ವರ್ಷದ ಇಂಜಿನಿಯರಿಂಗಿಗೆ ಸೇರಿಸಿಕೊಳ್ಳುತ್ತಿರಲಿಲ್ಲ.

ತಡೆಯಲಾರದೆ ಬೈದೇ ಬಿಟ್ಟೆ. ಕಂಡಕ್ಟರಣ್ಣ ಫ್ರೀ ಟಿಕೆಟ್ ಹರಿದುಕೊಡುತ್ತ, "ದಿನಾ ನೀನು ಜಡೆ ಇಡ್ಕಂಡ್ ಓಡ್ಬರೋವಾಗ ಇವ್ರೆಲ್ಲ ಸುಮ್ಕೆ ಕೂತಿರ್ತಾರಲ್ಲವ್ವ" ಅಂದ. ಬಸ್ಸೆಲ್ಲ ನಕ್ಕಿತು. ಅಷ್ಟರಲ್ಲಿ ಅಜ್ಜಿ ನಿಧಾನವಾಗಿ ಹತ್ತಿ, ನನ್ನ ಪಕ್ಕದಲ್ಲೇ ಕೂತು, ಖಾಲಿ ಕ್ಯಾನನ್ನು ನನ್ನ ಕಾಲ ಬಳಿ ಇಟ್ಟರು.

ತಡವಾಗಿ ಹೋದವಳನ್ನು ಲ್ಯಾಬಿನೊಳಗೆ ಬಿಟ್ಟಿದ್ದೇ ಪುಣ್ಯ. ಸಿಕ್ಕ ಪ್ರಶ್ನೆ ಸುಲಭದ್ದೇ. ಎಲ್ಲ ಕಡೆ ಸೊನ್ನೆ, ಒಂದೇ ಒಂದು ಜಾಗದಲ್ಲಿ ಒಂದು. ಇಂಪಲ್ಸ್ ಅಂದರೆ ಇಷ್ಟೇ. ಅದನ್ನು ಮೂರು ಹೆಜ್ಜೆ ತಡಮಾಡಿ ಗ್ರಾಫಿನಲ್ಲಿ ತೋರಿಸಬೇಕು. ಸೂತ್ರದಲ್ಲಿ ಎನ್ ಮೈನಸ್ ಮೂರು ಎಂದಿತ್ತು. ಮೈನಸ್ ಅಂದಮೇಲೆ ಎಡಕ್ಕೇ ತಾನೆ? ಗ್ರಾಫ್ ಬರೆಯಲು ಕಂಪ್ಯೂಟರಿಗೆ ಸ್ಟೆಮ್ ಅಂತ ಕಮಾಂಡ್ ಕೊಟ್ಟೆ. ಸೊನ್ನೆಯ ಎಡಗಡೆ, ಗುಂಡುತಲೆಯ ಕಡ್ಡಿಯೊಂದು ಠಾಕುಠೀಕಾಗಿ ಎದ್ದು ನಿಂತಿತು.

ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ ಮೇಡಂ ಪರದೆ ನೋಡಿದರು, ನನ್ನನ್ನು ನೋಡಿದರು. ಯಾಕೆ ತಡ ಅಂತ ಕೇಳಿದರು. ನಾನು ಬಸ್ಸು, ಅಜ್ಜಿ, ಹಾಲಿನ ಕ್ಯಾನು ಎಲ್ಲದರ ಮೇಲೂ ದೂರು ಹೇಳಿದೆ.

"ಹತ್ತು ಗಂಟೆಗೆ ಬರಬೇಕಿತ್ತು. ಬಸ್ಸು ತಡ ಆಯ್ತು. ಹಾಗಾದರೆ ಹತ್ತಕ್ಕಿಂತ ಮುಂಚೆ ಬಂದ್ರಾ, ಆಮೇಲೆ ಬಂದ್ರಾ?"

ಆಮೇಲೆ ಎಂದು ಹೇಳಲು ಬಾಯಿ ತೆರೆದವಳು ಹಾಗೇ ಪರದೆ ನೋಡಿದೆ. ಅಯ್ಯೋ ನನ್ನ ಬುದ್ಧಿಯೇ! ಗ್ರಾಫಿನಲ್ಲಿ ಕಾಲ ಓಡುವುದು ಎಡದಿಂದ ಬಲಕ್ಕೆ; ತಡವಾದದ್ದು ಬಲಕ್ಕೆ ಹೋಗಬೇಕು. ಮೇಡಂ ಪೆನ್ನು ಮುಚ್ಚಿ, ಕಾಯುತ್ತೇನೆ, ಸರಿಮಾಡಿ ಎಂದರು. ತಕ್ಷಣ ತಿದ್ದಿದೆ. ಕಡ್ಡಿ ಬಲಗಡೆ ಮೂರರ ಮೇಲೆ ನಿಂತಿತು. ಅಳು ಬರುವಷ್ಟು ಖುಷಿಯಾಯಿತು.

ಪಾಸಾದ ಸುದ್ದಿ ಬಂದ ದಿನ ಬಸ್ಸಿನಲ್ಲಿ ಕಂಡಕ್ಟರಣ್ಣ ಪರೀಕ್ಷೆ ಏನಾಯ್ತವ್ವ ಅಂತ ಕೇಳಿದ.

"ಪಾಸಾದೆ ಕಣಣ್ಣ. ನೀನು ಅವತ್ತು ತಡ ಮಾಡಿದ್ದಕ್ಕೇ" ಅಂದೆ, ಮನಸಾರೆ.

ಕುಟುಕಿದೆ ಅಂದುಕೊಂಡನೋ ಏನೋ, ಪಾಪ. ಮಾರನೆಯ ದಿನ ಅರ್ಧ ಜಡೆಯಲ್ಲಿ ಓಡಿಬಂದರೆ ಬಸ್ಸು ಆಗಲೇ ಊರು ದಾಟಿತ್ತು.