ಕಾಮಣಿಯ ಮಾಲೆ ಹಾಕಿಸಿಕೊಂಡ ಮೀನು

ಗಡಿಯಾಚೆ ಮರಾಠಿ ನಾಡಿನ ನಿಲಂಗಾದ ನಮ್ಮ ಮನೆಗೆ ಯಾರೇ ಬರಲಿ, ಚಹಾ ಬರುವ ಮೊದಲೇ ನಮ್ಮತ್ತೆ ಸುಮನಬಾಯಿ ಅವರನ್ನು ಮೀನಿನ ಗಾಜಿನ ತೊಟ್ಟಿಯ ಮುಂದೆ ತಂದು ನಿಲ್ಲಿಸುತ್ತಾರೆ.

"ಹಳದಿ ಅದ ನೋಡ್ರೀ, ಅಂವಾ ಗಂಡು. ನೀಲಿ ಇದ್ದವೆಲ್ಲಾ ಹೆಣ್ಣು. ಆ ಮೂಲ್ಯಾಗ ಗದ್ದ ಉಬ್ಬಿಸಿಗೊಂಡು ನಿಂತಾಳಲ್ಲ, ಆಕಿ ಬಾಯಾಗ ಮಕ್ಕಳನ್ನ ಇಟ್ಗೊಂಡಾಳ. ಅವು ಹೊರಗ ಬರೋತನಕ ಕೂಳು ಮುಟ್ಟಂಗಿಲ್ಲ. ಶ್ರಾವಣ ಸೋಮವಾರ ನಮಗ ಒಂದ್ ಹೊತ್ತು ಇರ್ಲಾಕ ಆಗಂಗಿಲ್ಲ, ಆಕೀನ ನೋಡ್ರಿ!"

ಬಂದವರು ಮರಾಠಿಯವರಾದರೆ ಇದೇ ಪುರಾಣ ಮರಾಠಿಯಲ್ಲಿ ನಡೆಯುತ್ತದೆ. ಇಷ್ಟೆಲ್ಲ ಬಲ್ಲ ಈ ಹೆಂಗಸು ಒಂದು ಕಾಲಕ್ಕೆ ಇದೇ ಹಳದಿ ಮೀನಿಗೆ ಕಾಮಣಿ, ಅಂದರೆ ಕಾಮಾಲೆ ರೋಗವೆಂದು ಮಾಲೆ ಹಾಕಿಸಿದ್ದರು. ಆ ಕತೆಯನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ಅವರಿಗೆ ಅವರ ಮಾನ ದೊಡ್ಡದು, ನನಗೆ ಅವರ ಋಣ ದೊಡ್ಡದು. ಅದಕ್ಕೇ ನಾನು ಹೇಳುತ್ತೇನೆ.

ನಾನು ಸಪನಾ, ಭಾಲ್ಕಿಯವಳು. ಮಾವ ಜಗದೇವಪ್ಪನವರದು ಇಲ್ಲಿನ ಬಜಾರಿನಲ್ಲಿ ಕಿರಾಣಿ ಅಂಗಡಿ. ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕದ ಮನೆ. ಅತ್ತೆ ಔರಾದ ಶಹಾಜನಿಯ ಬಟ್ಟೆ ವ್ಯಾಪಾರಿಯ ಮಗಳು. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ಒಗೆತಕ್ಕೆ ಬಣ್ಣ ಬಿಡುತ್ತದೋ ಇಲ್ಲವೋ ಹೇಳಬಲ್ಲವರು. ಅವರು ಮದುವೆಯಾಗಿ ಬಂದಾಗ ಈ ಮನೆಯ ಅಡುಗೆಮನೆ ಅವರ ಅತ್ತೆ ಗುರುಬಾಯಿಯ ಕೈಯಲ್ಲಿತ್ತು. ಗುರುಬಾಯಿ ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದರೂ ಡಬ್ಬಿಗಳು ಮಾತ್ರ ಅವರು ಇಟ್ಟಲ್ಲೇ ಇದ್ದವು. ಉಪ್ಪು ಒಲೆಯ ಎಡಕ್ಕೆ, ಶೇಂಗಾ ಹಿಂಡಿಯ ಚಟ್ನಿಪುಡಿ ಬಲಕ್ಕೆ, ಸಕ್ಕರೆ ಮೇಲಿನ ಹಲಗೆಯ ಮೂಲೆಗೆ. ಸಕ್ಕರೆಗೆ ಎಟುಕಬೇಕಾದರೆ ನಾನು ಮಣೆ ಹತ್ತಬೇಕು.

ನಾನು ಬಾಯಿ ಜೋರಿನವಳು. ಅತ್ತೆ ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರು ಬೈಯುತ್ತಿರಲಿಲ್ಲ. ನಾನು ಕೆಳಗಿಟ್ಟ ಡಬ್ಬಿಯನ್ನು ಮಾತಿಲ್ಲದೆ ಎತ್ತಿ ಅದರ ಜಾಗಕ್ಕೆ ಇಡುತ್ತಿದ್ದರು. ದಿನಾ ಹೀಗೇ. ಆ ಅಡುಗೆಮನೆಯಲ್ಲಿ ನಾನು ಉಣ್ಣಲು ಬಂದ ಬೀಗರ ಹಾಗೆ ನಿಂತಿರುತ್ತಿದ್ದೆ. ಕಡೆಗೆ ಗಂಡ ಸಿದ್ಧೇಶ್ವರನಿಗೆ ಹೇಳಿಬಿಟ್ಟೆ: ದೀಪಾವಳಿ ಮುಗಿದ ಮೇಲೆ ಬೇರೆ ಮನೆ ಮಾಡು, ಇಲ್ಲವಾದರೆ ನಾನು ಭಾಲ್ಕಿಗೆ ಹೋಗುತ್ತೇನೆ. ಗೋಡೆಗೂ ಕಿವಿಯಿರುವ ಮನೆ, ಅತ್ತೆಗೂ ಅದು ತಿಳಿದಿತ್ತು.

ಸಿದ್ಧೇಶ್ವರನಿಗೆ ಮಾತಿನಲ್ಲಿ ಸಮಾಧಾನ ಮಾಡಲು ಬರುವುದಿಲ್ಲ. ನನ್ನ ತವರಲ್ಲಿ ಮೀನು ಸಾಕಿದ್ದೆವೆಂದು ನೆನಪಿಟ್ಟುಕೊಂಡು, ಉದಗೀರಕ್ಕೆ ಮಾಲು ತರಲು ಹೋದವನು ಗಾಜಿನ ತೊಟ್ಟಿಯನ್ನೂ ಆರು ನೀಲಿ ಮರಿಗಳನ್ನೂ ಹೊತ್ತುಕೊಂಡು ಬಂದ. ಸಿಕ್ಲಿಡ್ ಎಂಬ ಜಾತಿ, ಆಫ್ರಿಕಾದ ಯಾವುದೋ ದೊಡ್ಡ ಸರೋವರದ ಕುಲ. ಅತ್ತೆ ಬಾಗಿಲಲ್ಲೇ ತಡೆದರು.

"ಲಿಂಗವಂತರ ಮನ್ಯಾಗ ಮೀನ? ಏನ ತಿಂತಾವ ಇವು?"

"ಪಾಲಕ, ವಟಾಣಿ. ಇವಕ್ಕ ಸೊಪ್ಪೇ ಚಲೋ ಅಂತ ಅವ್ವಾ," ಅಂದ ಸಿದ್ಧೇಶ್ವರ. "ಮತ್ತ ನಮ್ಮ ಬೋರಿನ ಸವಳು ನೀರೇ ಬೇಕಂತ ಇವಕ್ಕ."

ಬೇಳೆ ಬೇಯದ, ಕೊಡಕ್ಕೆಲ್ಲ ಬಿಳಿ ಪದರ ಹಿಡಿಸುವ ಆ ನೀರನ್ನು ಜನ್ಮದಲ್ಲಿ ಒಬ್ಬರಾದರೂ ಮೆಚ್ಚಿದ್ದನ್ನು ಅತ್ತೆ ಕೇಳಿರಲಿಲ್ಲ. "ಹಂಗಾದ್ರ ನಮ್ಮ ಪೈಕಿನೇ ಬಿಡು," ಎಂದು ದಾರಿ ಬಿಟ್ಟರು.

ಮೀನು ಬೆಳೆದವು. ಒಂದರ ಮೈ ಮೆಲ್ಲಗೆ ಹಳದಿಯಾಗತೊಡಗಿತು. ಹಳದಿಯಾದಷ್ಟೂ ಅದಕ್ಕೆ ಪಿತ್ತ ನೆತ್ತಿಗೇರಿ ಉಳಿದವನ್ನೆಲ್ಲ ಅಟ್ಟಿಸಿಕೊಂಡು ಕಚ್ಚುತ್ತಿತ್ತು. ನಮ್ಮ ತವರಿನ ಮೀನು ಬೇರೆ ಜಾತಿಯವು, ನನಗೂ ಇದರ ಗುಟ್ಟು ಗೊತ್ತಿರಲಿಲ್ಲ. ಅತ್ತೆ ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು: "ಕಾಮಣಿ ಆಗ್ಯಾದ. ಕಣ್ಣ ಸುತ್ತ ನೋಡು, ಎಷ್ಟ್ ಹಳದಿ! ಮೈಯಾಗ ಸುಖ ಇಲ್ದಕ್ಕೇ ಸಿಟ್ಟು ಮಾಡ್ಲತ್ತದ." ರೋಗ ಹಬ್ಬದಿರಲೆಂದು ಅದನ್ನು ಉಪ್ಪಿನಕಾಯಿಯ ದೊಡ್ಡ ಗಾಜಿನ ಬರಣಿಗೆ ಹಾಕಿ ಕಿಟಕಿಯಲ್ಲಿಟ್ಟೆವು. ಸ್ವಲ್ಪ ದಿನ ತೊಟ್ಟಿಯಲ್ಲಿ ಶಾಂತಿ. ಆಮೇಲೆ ಇನ್ನೊಂದು ಹಳದಿಯಾಯಿತು, ಅದೂ ಕಚ್ಚತೊಡಗಿತು.

"ಹಬ್ಬಿತು!" ಎಂದರು ಅತ್ತೆ.

ಅದೇ ವಾರ ಯೆಣೆಗೂರಿನಲ್ಲಿ ಬಳಗದವರ ಲಗ್ನವಿತ್ತು. ಅಲ್ಲೊಬ್ಬರು ಕಾಮಣಿಗೆ ಬೇರಿನ ಮಾಲೆ ಕೊಡುತ್ತಾರೆ. ತಲೆಗೆ ಹಾಕಿದ ಮಾಲೆ ಬೆಳೆಯುತ್ತ ಕೆಳಗಿಳಿದಂತೆ ರೋಗವೂ ಇಳಿಯುತ್ತದೆಂದು ನಂಬಿಕೆ. ಯಾರಿಗೆ ಎಂದು ಅವರು ಕೇಳಿದರೆ ಅತ್ತೆ, "ನಮ್ಮ ಮನ್ಯಾಗಿನ ಸಣ್ಣಂವಗ," ಎಂದು ಹೇಳಿ, ಕಾಣಿಕೆ ಇಟ್ಟು, ಮಾಲೆ ತಂದು ಬರಣಿಯ ಕೊರಳಿಗೆ ಹಾಕಿದರು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಮಾಲೆ ಎಷ್ಟು ಇಳಿದಿದೆಯೆಂದು ಬಗ್ಗಿ ನೋಡುತ್ತಿದ್ದರು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಆದರೂ ಒಂದು ಮಾತು ಹೇಳಲೇಬೇಕು: ಅಷ್ಟು ಸಣ್ಣ ಜೀವಕ್ಕೆ ಅಷ್ಟು ದೂರದಿಂದ ಮದ್ದು ತಂದವರ ಮೇಲೆ ಮೊದಲಿನಷ್ಟು ಸಿಟ್ಟು ಉಳಿಯಲಿಲ್ಲ.

ಮಾಲೆ ಇಳಿಯಿತು, ಹಳದಿ ಇಳಿಯಲಿಲ್ಲ. ಕಡೆಗೆ ನಾನೂ ಅತ್ತೆಯೂ ಬರಣಿ ಸಮೇತ, ಎರಡನೆಯ ಹಳದಿಯನ್ನೂ ಇನ್ನೊಂದು ಡಬ್ಬಿಯಲ್ಲಿ ಹಾಕಿಕೊಂಡು, ಉದಗೀರಕ್ಕೆ ಹೋದೆವು. ಮೀನಿನ ಅಂಗಡಿಯ ದತ್ತಾತ್ರಿ ಮಾಲೆ ನೋಡಿ, ಸಂಗತಿ ಕೇಳಿ, ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟ.

"ಮೌಶಿ, ಇದು ಕಾಮಣಿ ಅಲ್ಲರೀ, ಪ್ರಾಯ! ಸಣ್ಣವಿದ್ದಾಗ ಎಲ್ಲಾ ನೀಲಿನೇ. ಗಂಡು ಬೆಳದಂಗ ಹಳದಿ ಆಗ್ತದ, ಹೆಣ್ಣು ನೀಲಿನೇ ಉಳೀತದ. ಇವನ ಹೊಟ್ಟಿ ಹಿಂದಿನ ರೆಕ್ಕಿ ನೋಡ್ರಿ, ತತ್ತಿಯಂಥ ಚುಕ್ಕಿ ಅದ. ದೊಡ್ಡ ಗಂಡು ಇರೋತನಕ ಸಣ್ಣ ಗಂಡು ಅಂಜಿ ನೀಲಿಯಾಗೇ ಇರ್ತದ. ದೊಡ್ಡಾಂವನ ತಗದ್ರಿ, ಇಂವಾ ಬಣ್ಣ ತೋರಿಸ್ದ."

ಒಂದೇ ಗಂಡು ಸಾಕು, ಹೆಣ್ಣು ಹೆಚ್ಚಿರಬೇಕು, ಆಗ ಅವನ ಕಾಟ ಒಬ್ಬಳ ಮೇಲೇ ಬೀಳುವುದಿಲ್ಲ ಎಂದ. ಎರಡನೆಯ ಹಳದಿಯನ್ನು ತಾನಿಟ್ಟುಕೊಂಡು ಎರಡು ನೀಲಿ ಹೆಣ್ಣು ಕೊಟ್ಟ. ಮೊದಲಿನವನನ್ನು ಕೊಡಲು ಅತ್ತೆ ಒಪ್ಪಲಿಲ್ಲ. "ಮಾಲಿ ಹಾಕ್ಸಿಗೊಂಡಾಂವ ನಮ್ಮಾಂವ," ಎಂದರು.

ಹೊರಡುವಾಗ ದತ್ತಾತ್ರಿ ಇನ್ನೊಂದು ಮಾತು ಹೇಳಿದ: "ಹೊಸ ಮೀನು ಬಿಡೋ ಮುಂದ ಒಳಗಿನ ಕಲ್ಲೆಲ್ಲಾ ಜಾಗ ಬದಲಿ ಮಾಡ್ರಿ. ಹಳೇವಕ್ಕ ಇದು ನಂದು, ಅದು ನಂದು ಅನ್ನೋ ಸೊಕ್ಕು ಇರ್ತದ. ಕಲ್ಲು ಸರಿಸಿದ್ರ ಯಾರ ಜಾಗಾನೂ ಇಲ್ಲ, ಎಲ್ಲಾರೂ ಹೊಸಬರು. ಜಗಳ ಅರ್ಧ ಕಡಿಮಿ."

ಬಸ್ಸಿನಲ್ಲಿ ಬಂದು ದಣಿದಿದ್ದ ನಾನು ಕಲ್ಲು ಸರಿಸುವ ಗೋಜಿಗೆ ಹೋಗದೆ ಹಳದಿಯವನನ್ನೂ ಹೊಸ ಹೆಣ್ಣುಗಳನ್ನೂ ತೊಟ್ಟಿಗೆ ಬಿಟ್ಟೆ. ಮರುದಿನ ನೋಡಿದರೆ ಹೊಸ ಎರಡರಲ್ಲಿ ಸಣ್ಣದು ಮೇಲೆ, ಗಾಳಿಯ ಪೈಪಿನ ಹಿಂದೆ, ಹರಿದ ರೆಕ್ಕೆ ಮಡಚಿಕೊಂಡು ನಿಂತಿತ್ತು. ಕೆಳಗಿಳಿದರೆ ಹಳದಿಯವನಷ್ಟೇ ಅಲ್ಲ, ಹಳೆಯ ಹೆಣ್ಣುಗಳೂ ಕಚ್ಚುತ್ತಿದ್ದವು.

"ಆಕಿ ಯಾಕ ಅಲ್ಲಿ ನಿಂತಾಳ?" ಎಂದರು ಅತ್ತೆ.

"ಆಕಿಗಿ ಇಲ್ಲಿ ಜಾಗ ಎಲ್ಲದರೀ, ಅತ್ತಿ? ಇದ್ದಬದ್ದ ಕಲ್ಲೆಲ್ಲಾ ಹಳಬರದ್ದು."

ಮೀನಿನ ಮಾತೇ ಆಡಲು ಹೊರಟಿದ್ದೆ. ನಾಲಿಗೆ ತನ್ನ ಬುದ್ಧಿ ಬಿಡಲಿಲ್ಲ, ಧ್ವನಿ ಗಡುಸಾಯಿತು. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಳೆ ಮೇಲೇರಿಸಿಕೊಂಡು, ಅಲ್ಲಿಯವರೆಗೆ ಮೀನಿನ ನೀರಿಗೆ ಬೆರಳೂ ಅದ್ದದಿದ್ದವರು, ಮೊಣಕೈವರೆಗೆ ಕೈ ಇಳಿಸಿದರು. "ಹಿಡಿ, ಕಲ್ಲು ತಗಿ." ಇಬ್ಬರೂ ಸೇರಿ ಒಂದೊಂದೇ ಕಲ್ಲು ಎತ್ತಿ, ಹಿಂದಿನದನ್ನು ಮುಂದಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟೆವು. ಹಳದಿಯವನು ತನ್ನ ಗವಿಯಿದ್ದ ಕಡೆ ಜೋರಾಗಿ ಹೋಗಿ, ಅಲ್ಲಿ ಬರೀ ಮರಳು ಕಂಡು, ಸುತ್ತು ಹೊಡೆದ. ಅತ್ತೆ ನಕ್ಕರು. ಸಂಜೆಗೆ ಸಣ್ಣದು ಕೆಳಗಿಳಿದು ಎರಡು ಕಲ್ಲಿನ ಸಂದಿಯಲ್ಲಿ ಸೇರಿಕೊಂಡಿತು. ಯಾರೂ ಅದನ್ನು ಎಬ್ಬಿಸಲಿಲ್ಲ.

ಅತ್ತೆ ತೊಟ್ಟಿಯ ಮುಂದೆ ಬಂದು ಕೂತರು. "ನಮ್ಮತ್ತಿ ಹೋದ ಮ್ಯಾಲೂ ಸಕ್ಕರಿ ಡಬ್ಬಿ ಸರಸ್ಲಾಕ ನನಗ ಧೈರ್ಯ ಆಗ್ಲಿಲ್ಲ ನೋಡು, ಸಪನಾ," ಎಂದರು. "ನನಗೂ ಅದು ಎಟಕಂಗಿಲ್ಲ." ಇಷ್ಟು ದಿನ ಅವರೂ ಮಣೆ ಹತ್ತುತ್ತಿದ್ದುದನ್ನು ನಾನು ನೋಡಿದ್ದೆ, ಅದು ಅವರಿಗೂ ನನ್ನಷ್ಟೇ ಕಷ್ಟವೆಂದು ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಾಲಿಡಲು ಜಾಗವಿಲ್ಲ. ಹಲಗೆಗಳೆಲ್ಲ ಬರಿದು. ಡಬ್ಬಿ, ಬರಣಿ, ಪಾತ್ರೆ ಎಲ್ಲ ನೆಲದ ಮೇಲೆ. ನಡುವೆ ಅತ್ತೆ, ತೊಳೆದ ಹಲಗೆಯಷ್ಟೇ ಒದ್ದೆಯಾದ ಸೀರೆಯಲ್ಲಿ.

"ನೋಡ್ತಾ ಯಾಕ ನಿಂತೀದಿ? ಬಾ. ಎಲ್ಲೆಲ್ಲಿ ಏನಿಡೋಣು, ಹೇಳು."

ಅಳುತ್ತಲೇ ಡಬ್ಬಿ ಜೋಡಿಸಿದೆ. ಅವರೊಂದು ಇಟ್ಟರು, ನಾನೊಂದು ಇಟ್ಟೆ, ಕೆಲವಕ್ಕೆ ಜಗಳವನ್ನೂ ಆಡಿದೆವು. ಬೈಸಿಕೊಂಡೆ, ತಿರುಗಿ ಬೈದೆ, ಎಷ್ಟು ಹಗುರಾಯಿತೆಂದರೆ ಹೇಳಲಾರೆ. ಬೇರೆ ಮನೆಯ ಮಾತು ನಾನು ಮತ್ತೆ ಎತ್ತಲಿಲ್ಲ. ಸಿದ್ಧೇಶ್ವರನೂ ಕೇಳುವ ಧೈರ್ಯ ಮಾಡಲಿಲ್ಲ.

ಆ ದಿನ ನಮ್ಮ ಕೆಲಸ ಮುಗಿಯುವಷ್ಟರಲ್ಲಿ ಮಾವ ಪೂಜೆ ಮುಗಿಸಿ ಚಹಾ ಕೇಳಿದರು. ಅತ್ತೆ ನೀರು ಕುದಿಯಲಿಟ್ಟು, ರೂಢಿಯಂತೆ ಮಣೆ ಹತ್ತಿ ಮೇಲಿನ ಹಲಗೆಯ ಮೂಲೆಗೆ ಕೈಚಾಚಿದರು. ಅಲ್ಲಿ ಏನೂ ಇರಲಿಲ್ಲ. ಸುತ್ತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸಪನಾ, ಸಕ್ಕರಿ ಎಲ್ಲಿ ಇಟ್ಟೀದಿ?"