ನೆಟ್ಟಗಾಗದ ಅಳು

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಇನ್ನೊಮ್ಮೆ ತುಂಬಿಕೊಂಡೆ. ಮತ್ತೆ ಸೋರಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ.

"ಬೆಲ್ಸ್ ಪಾಲ್ಸಿ ಐತ್ರಿ," ಎಂದರು ಜಲನಗರದ ಡಾಕ್ಟರ್. "ಮುಖದ ನರ್ವ್ ಬಾತೈತಿ. ಸ್ಟಿರಾಯ್ಡ್ ತಗೋರಿ, ಫಿಜಿಯೋಥೆರಪಿ ಮಾಡಿಸ್ರಿ. ಆರಾಮ ಆಕೈತಿ."

ಓಣಿಯವರಿಗೆ ಅದೆಲ್ಲ ಯಾಕೆ ಬೇಕು? ಲಕ್ವಾ ಹೊಡೆದಿದೆ ಎಂದರು. ನಾನು ನಕ್ಕರೆ ಅಣಕಿಸಿದಂತೆ ಕಾಣುತ್ತಿತ್ತು. ಸುಡುಗಾಡು ಮುಖ ಎಂದು ನಗುವುದನ್ನೇ ಬಿಟ್ಟೆ. ಅಳುವ ಪ್ರಸಂಗ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅದೇ ವಾರ ತಿಕೋಟಾದಲ್ಲಿ ಅಕ್ಕನ ಗಂಡ ತೀರಿಕೊಂಡರು.

ಅವರ ಆಸ್ಪತ್ರೆಯ ಗದ್ದಲದಲ್ಲಿದ್ದ ಅಕ್ಕನಿಗೆ ನನ್ನ ಮುಖದ ಸುದ್ದಿ ಹೇಳಿರಲಿಲ್ಲ. ನಮ್ಮ ಕಡೆ ಸತ್ತ ಮನೆಗೆ ಹೋದ ಹೆಣ್ಣುಮಕ್ಕಳು ದೂರ ನಿಂತು ಕೈಮುಗಿದರೆ ನಡೆಯುವುದಿಲ್ಲ, ಕೊರಳಿಗೆ ಬಿದ್ದು ಅಳಬೇಕು. ಒಡಹುಟ್ಟಿದ ತಂಗಿಯಂತೂ ಎಲ್ಲರಿಗಿಂತ ಗಟ್ಟಿಯಾಗಿ ಅಳಬೇಕು. ಅವ್ವ ಹೋದ ಮೇಲೆ ನನಗೆ ತವರೆಂದರೆ ಈ ಅಕ್ಕ ಒಬ್ಬಳೇ.

"ಯಕ್ಕಾ" ಎಂದು ಅವಳ ಕೊರಳಿಗೆ ಬಿದ್ದೆ. ಅಳು ಉಕ್ಕಿದಷ್ಟೂ ಬಾಯಿ ಬಲಗಿವಿಯ ಕಡೆಗೆ ಹೋಯಿತು. ಹೆಣದ ಪಕ್ಕ ಕುಳಿತಿದ್ದ ಅವಳ ನಾದಿನಿ, ಬಬಲೇಶ್ವರದವಳು, ಅದನ್ನು ಕಂಡಳು.

"ಅಯ್ಯ, ನಮ್ಮಣ್ಣನ ಹೆಣದ ಮುಂದ ನಗಾಕತ್ತಾಳ ನೋಡ್ರಿ ಇಕಿ!"

ಅಳು ನಿಂತಿತು. ಅಕ್ಕ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿ ಮುಖ ನೋಡಿದಳು.

"ಜಡ್ಡ ಆಗೇತಿ ಯಕ್ಕಾ, ನಗಾಕತ್ತಿಲ್ಲ..." ತುಟಿ ಕೂಡದೆ ಮಾತು ತೊದಲಿತು.

"ಹೊರಗ ನಡಿ," ಎಂದಳು ಅಕ್ಕ.

ಚಪ್ಪಲಿ ಬಿಡುವ ಕಡೆ ಸೆರಗು ಮುಚ್ಚಿಕೊಂಡು ಕುಳಿತೆ. ಒಳಗೆ ಹೋಗುವವರು ಸೀರೆ ನನಗೆ ತಾಗದಂತೆ ಎತ್ತಿಕೊಂಡು ದಾಟಿದರು. ಮಣ್ಣಾದ ಮೇಲೆ ನನ್ನ ಗಂಡ ಅಕ್ಕನಿಗೆ ಎಲ್ಲ ತಿಳಿಸಿ ಹೇಳಿದರು. "ಮೊದಲ ಹೇಳಬಾರದೇನ್ರಿ?" ಎಂದಳಂತೆ, ಅಷ್ಟೇ.

ಫಿಜಿಯೋಥೆರಪಿಯವರು ಕನ್ನಡಿಯ ಮುಂದೆ ನಗುವುದನ್ನು ಕಲಿಸಿದರು. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಳುವುದನ್ನು ಕಲಿತೆ.

ಈಗ ಕಣ್ಣು ಮುಚ್ಚುತ್ತದೆ, ನೀರು ಸೋರುವುದಿಲ್ಲ. ದೇವರು ದೊಡ್ಡವನು. ಮೊನ್ನೆ ಅಕ್ಕ ನಮ್ಮ ಮನೆಗೆ ಬಂದಳು. ಕೊರಳಿಗೆ ಬೀಳಹೋದೆ. ಅವಳು ಕೈ ಅಡ್ಡ ಹಿಡಿದು, ಮೊದಲು ನನ್ನ ಬಾಯಿ ನೋಡಿದಳು.

"ನೆಟ್ಟಗ ಆಗೇತಿ ಬಿಡು," ಎಂದಳು. ಆಮೇಲೆ ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಅವಳ ಬೆನ್ನು ಸವರಿದೆ. ನನಗೆ ಅಳು ಬರಲಿಲ್ಲ.