ಆರು ಬಂಗಡೆ ಉಳಿಸಲು ಬಿಟ್ಟ ಪಾಠ

ಒಂದೊಂದು ರಶ್ಯನ್ ಪಾಠಕ್ಕೆ ಎಂಟು ಬಂಗಡೆ ಕೇಳಿದ್ದ ಮಾದೇವಣ್ಣ. ನಾನು ಆರಕ್ಕೆ ಇಳಿಸಿದೆ. ಕುಮಟಾದ ಆಚೆ ಕಡಲತೀರದಲ್ಲಿ ರಶ್ಯಾದ ಪ್ರವಾಸಿಗರಿಗೆ ಲುಂಗಿ, ಮಣಿಸರ ಮಾರುವವಳು ನಾನು. ಅವರ ಮಾತು ಬಂದರೆ ನಡುವೆ ದಲಾಲಿ ಬೇಡವಲ್ಲ. ಮಾದೇವಣ್ಣ ಕಾಸರಕೋಡದಲ್ಲಿ ನಮ್ಮ ನೆರೆಯವ, ಇಪ್ಪತ್ತು ವರ್ಷ ರಶ್ಯನ್ನರ ಹಡಗಿನಲ್ಲಿ ಅಡುಗೆ ಮಾಡಿ ಬಂದವ. ದುಡ್ಡು ಮುಟ್ಟುತ್ತಿರಲಿಲ್ಲ. "ದುಡ್ಡಿನ ಪಾಠ ಮರ್ತುಹೋಗ್ತದೆ, ಮೀನಿಂದು ನೆನಪಿರ್ತದೆ" ಎನ್ನುತ್ತಿದ್ದ.

ಊಟದ ತಟ್ಟೆಯೇ ಅವನ ಕರಿಹಲಗೆ. ಹುರಿದ ಬಂಗಡೆಗೆ ಬೆರಳು ತೋರಿಸಿ, "ಉ ಮಿನ್ಯಾ ಯೆಸ್ತ್ ರೀಬಾ. ನನ್ನ ಹತ್ರ ಮೀನದೆ. ನಮ್ಮಂಗೇ, ಹತ್ರ ಅಂದ್ರೆ ಆತು" ಎನ್ನುವ. ತಿಂದು ಮುಗಿಸಿ, ಮುಳ್ಳು ಉಳಿದ ತಟ್ಟೆಯನ್ನು ನನ್ನ ಕಡೆ ಓರೆ ಮಾಡುವ.

"ಈಗ ಬಿಲಾ ರೀಬಾ. ಮೀನಿತ್ತು. ಮೀನೇ ಇರ್ಲಿಲ್ಲ ಅಂಬುದಕ್ಕೆ ನ್ಯೇ ಬಿಲ ರೀಬಿ. ಇದ್ದಾಗ ರೀಬಾ, ಇಲ್ದಾಗ ರೀಬಿ. ಇಲ್ಲ ಅಂದ ಕೂಡ್ಲೆ ಹೆಸರೂ ಸವೀತದೆ, ತಂಗಿ."

"ಇತ್ತು, ಇರ್ಲಿಲ್ಲ ಕಟ್ಕೊಂಡು ನಂಗೆಂತ? ನಿನ್ನೆ ಇದ್ದ ಲುಂಗಿಗೆ ಇವತ್ತು ಯಾರು ಕಾಸು ಕೊಡ್ತಾರೆ? ಆ ಪಾಠ ಬಿಡು, ಆರು ಬಂಗಡೆ ಉಳೀತದೆ."

"ಬಿಟ್ಟೆ. ಒಂದಿನ ನೀನೇ ಕೇಳ್ತೆ. ಆವಾಗ ಹನ್ನೆರಡು ಬಂಗಡೆ."

ಸುಳ್ಳು ಅವನಿಗೆ ಒಗ್ಗುತ್ತಿರಲಿಲ್ಲ. ಒಮ್ಮೆ ನನ್ನ ಅಂಗಡಿಗೆ ಬಂದು ಕೂತಿದ್ದಾಗ, ರಶ್ಯಾದ ಹೆಂಗಸೊಬ್ಬಳು ಕೆಂಪು ಲುಂಗಿ ಹಿಡಿದು ಬಣ್ಣ ಹೋಗುತ್ತದೆಯೇ ಎಂದಳು. ನಾನು ಬಾಯಿ ಬಿಡಲಿಲ್ಲ. ಇವನು ಹೋಗುತ್ತದೆ ಎಂದುಬಿಟ್ಟ. ಅವಳು ಲುಂಗಿ ಮಡಚಿಟ್ಟು ಹೊರಟಳು.

"ಯಾಪಾರ ಹಾಳು ಮಾಡೂಕೇ ಬಂದ್ಯಾ?"

"ಹೋಗೂ ಬಣ್ಣ ಹೋತದೆ ಅಂದೆ. ಮತ್ತೆಂತ ಹೇಳೂದು?"

ಅವನ ಒಬ್ಬನೇ ಮಗ ಪ್ರಶಾಂತ ಕಳೆದ ವರ್ಷ ರಶ್ಯಾದ ಮೀನಿನ ಹಡಗು ಹತ್ತಿದ. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ನಾನು ಪಾಠಕ್ಕೆ ಕೂತಿದ್ದಾಗಲೇ, ಹಡಗಿನ ಕಚೇರಿಯಿಂದ ಫೋನ್ ಬಂತು. ಹೆಂಗಸಿನ ದನಿ. ಮಾದೇವಣ್ಣ ಒಂದೊಂದೇ ಮಾತು ನನಗೂ ಹೇಳುತ್ತ ಹೋದ: ಮೂವರು ನೀರಿಗೆ ಬಿದ್ದಿದ್ದಾರೆ, ಒಂದು ದೇಹ ಸಿಕ್ಕಿದೆ, ಮುಖದಿಂದ ಗುರುತು ಸಿಗುವಂತಿಲ್ಲ, ನಿಮ್ಮ ಮಗನ ಮೈಮೇಲೆ ಏನಿತ್ತು?

ಸೊಂಟದಲ್ಲಿ ಬೆಳ್ಳಿಯ ಉಡಿದಾರ ಇತ್ತು ಎಂದ. ಮಗ ಮೊದಲ ಸಲ ದೋಣಿ ಹತ್ತಿದಾಗ ಇವನೇ ಮಾಡಿಸಿ ಕಟ್ಟಿದ್ದು.

ಈ ದೇಹದ ಮೇಲೆ ಅಂಥದ್ದಿಲ್ಲ ಎಂದಿತು ದನಿ.

"ನಮ್ಮವ ಅಲ್ಲ, ತಂಗಿ. ಬೇರೆ ಯಾರೋ" ಎಂದವನು ಫೋನ್ ಹಿಡಿದೇ ದೇವರ ಪಟಕ್ಕೆ ಕೈ ಮುಗಿದ. ನಾನೂ ಕೈ ಮುಗಿದೆ. ಸತ್ತವನು ಇನ್ನೊಬ್ಬರ ಮಗ ಎಂಬುದು ಆಗ ಹೊಳೆಯಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗಿರಿಜಕ್ಕ ಒಳಗೆ ಹೋಗಿ ಬಂದಳು. ಕೈಯಲ್ಲಿ ಅದೇ ಉಡಿದಾರ.

"ಇದಿದ್ರೆ ವಿಮಾನ ಹತ್ತೂಕೆ ಬಿಡೂದಿಲ್ಲ ಅಂತ ಯಾರೋ ಹೇಳಿದ್ರಂತೆ. ಬಿಚ್ಚಿ ನನ್ನ ಕೈಲಿ ಕೊಟ್ಟ. ಅಪ್ಪಂಗೆ ಹೇಳ್ಬೇಡ, ಬೇಜಾರ್ ಮಾಡ್ಕಂತಾನೆ ಅಂದ."

ಫೋನ್ ಇನ್ನೂ ಕಡಿದಿರಲಿಲ್ಲ. ನಾನು ಅವನ ಮಣಿಕಟ್ಟು ಹಿಡಿದೆ. "ಸುಮ್ನಿರು ಮಾದೇವಣ್ಣ. ಈಗ ಎಂತದೂ ಹೇಳ್ಬೇಡ." ಚೌಕಾಸಿಯಲ್ಲಿ ನಾನು ಕಲಿತಿದ್ದು ಅಷ್ಟೇ, ಸುಮ್ಮನಿದ್ದವರಿಗೆ ನಷ್ಟವಿಲ್ಲ.

ಅವನು ನನ್ನ ಬೆರಳುಗಳನ್ನು ಬಿಡಿಸಿದ. "ಉ ನಿವೋ ನ್ಯೇ ಬಿಲ" ಎಂದ. ನಾನು ಬೇಡವೆಂದು ಬಿಟ್ಟ ಅದೇ ಮಾತು: ಅವನ ಹತ್ತಿರ ಇರಲಿಲ್ಲ. ಆಮೇಲೆ ಎಡಗಿವಿಯಲ್ಲಿ ಗಾಳ ಸಿಕ್ಕಿ ಹರಿದ ಗುರುತು ಇತ್ತು ಎಂದ. ಆ ಕಡೆ ಕಾಗದ ಮಗುಚುವ ಸದ್ದು. ಬಳಿಕ "ದಾ" ಎಂಬ ಒಂದೇ ಮಾತು, ಹೌದು ಎಂದು. ಅದಕ್ಕೆ ಯಾರೂ ನನಗೆ ಅರ್ಥ ಹೇಳಬೇಕಾಗಲಿಲ್ಲ.

ಹೆಣದ ಪೆಟ್ಟಿಗೆ ಬಂದು, ಸೂತಕದ ದಿನಗಳೆಲ್ಲ ಕಳೆದ ಮೇಲೆ ಹನ್ನೆರಡು ಬಂಗಡೆ ಒಯ್ದೆ. ಅವನು ಬುಟ್ಟಿ ನೋಡಲಿಲ್ಲ.

"ಎಂತಕ್ಕೆ? ಪಾಠ ಆತಲ" ಎಂದ.

ಅದೇ ಕೊನೆ. ಮಳೆಗಾಲ ಮುಗಿಯುವುದರೊಳಗೆ ಅವನೂ ಹೋದ. ನನ್ನ ರಶ್ಯನ್ ಅಲ್ಲಿಗೇ ನಿಂತಿದೆ. ಕೆಂಪು ಲುಂಗಿಯ ಬಣ್ಣ ಹೋಗುತ್ತದೆ ಎಂದು ಈಗ ನಾನೇ ಹೇಳುತ್ತೇನೆ. ಅದರಿಂದ ಯಾರಿಗೂ ಏನೂ ವಾಪಸು ಬರಲಿಲ್ಲ.

ನಿಮ್ಮ ಮನೆಯಿಂದ ಹಡಗಿಗೆ ಹೋಗುವವರಿದ್ದರೆ, ಹೊರಡುವ ದಿನ ಮೈಮೇಲೆ ಏನಿದೆ, ಏನನ್ನು ಬಿಚ್ಚಿಟ್ಟಿದ್ದಾರೆ, ಎರಡನ್ನೂ ಕಾಗದದಲ್ಲಿ ಬರೆದಿಡಿ. ಅಪ್ಪ, ಅಮ್ಮ ಇಬ್ಬರಿಗೂ ಓದಿ ಹೇಳಿ. ಮತ್ತೆ, ಯಾರ ಹತ್ತಿರ ಏನು ಕಲಿತರೂ ಪೂರ್ತಿ ಕಲಿಯಿರಿ. ಬೇಡವೆಂದು ಬಿಟ್ಟ ಪಾಠ ಕೇಳಲು ನಾನು ಕೂತ ಜಾಗದಲ್ಲಿ ನೀವು ಕೂರುವುದು ಬೇಡ.